ಮೂವತ್ತು ಮೀಟರಿನ ಕಾರಿಡಾರ್, ಆರು ನಿಮಿಷದ ನಡಿಗೆ: ಮೈಸೂರಿನ ಹೃದಯ ಪುನಶ್ಚೇತನ ಕೇಂದ್ರವೊಂದರ ಮೊದಲ ದಿನದ ಪರೀಕ್ಷೆ

ಕಳೆದ ಕಾರ್ತಿಕ ಮಾಸದಲ್ಲಿ ನನಗೆ ಬೈಪಾಸ್ ಶಸ್ತ್ರಚಿಕಿತ್ಸೆಯಾಯಿತು. ಹೃದಯಾಘಾತವಾಗಿರಲಿಲ್ಲ, ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗುತ್ತಿದ್ದುದರ ಕಾರಣ ಹುಡುಕಿದಾಗ ಮೂರು ರಕ್ತನಾಳಗಳಲ್ಲಿ ತಡೆಯಿರುವುದು ತಿಳಿಯಿತು. ನನಗೆ 62 ವರ್ಷ. ಹೈಸ್ಕೂಲಿನಲ್ಲಿ ಮೂರು ದಶಕ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ಆಸ್ಪತ್ರೆಯಿಂದ ಮನೆಗೆ ಬರುವಾಗ ಕೊಟ್ಟ ಡಿಸ್ಚಾರ್ಜ್ ಹಾಳೆಯಲ್ಲಿ ಮಾತ್ರೆಗಳ ಪಟ್ಟಿ ವಿವರವಾಗಿತ್ತು. ನಡಿಗೆಯ ವಿಷಯಕ್ಕೆ ಮಾತ್ರ ಒಂದೇ ಸಾಲು: ನಿಧಾನವಾಗಿ ನಡೆಯಿರಿ, ಆಯಾಸ ಮಾಡಿಕೊಳ್ಳಬೇಡಿ. ಎಷ್ಟು ದೂರ, ಎಷ್ಟು ಹೊತ್ತು, ಯಾವ ಆಯಾಸ ಸರಿ, ಯಾವುದು ಸರಿಯಲ್ಲ ಎಂಬುದು ಆ ಸಾಲಿನಲ್ಲಿರಲಿಲ್ಲ. ಹಾಗಾಗಿ ಆರು ವಾರ ನಾನು ಕೋಣೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಗೇಟಿಗೆ, ಗೇಟಿನಿಂದ ಮತ್ತೆ ಕೋಣೆಗೆ ಎಂಬಷ್ಟರಲ್ಲೇ ಉಳಿದೆ. ಒಂದೊಂದು ಹೆಜ್ಜೆಗೂ ಎದೆಯೊಳಗಿನ ಸದ್ದನ್ನು ಕೇಳಿಸಿಕೊಳ್ಳುತ್ತಾ ನಡೆದೆ.

ಈ ಸ್ಥಿತಿಯಲ್ಲಿ ನಾನು ಸೇರಿದ ಹೃದಯ ಪುನಶ್ಚೇತನ ಕೇಂದ್ರದ ಒಂದು ಸೇವೆಯ ಬಗ್ಗೆ, ಅಂದರೆ ವ್ಯಾಯಾಮ ಆರಂಭಿಸುವ ಮುನ್ನ ಮೊದಲ ದಿನ ರೋಗಿಯ ನಡಿಗೆಯ ಶಕ್ತಿಯನ್ನು ಅಳೆಯುವ ಪರೀಕ್ಷೆಯ ಬಗ್ಗೆ, ಈ ವಿಮರ್ಶೆ. ಕೇಂದ್ರದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಒಳ್ಳೆಯದರ ಜೊತೆಗೆ ಕೊರತೆಗಳನ್ನೂ ಹೇಳಲಿದ್ದೇನೆ. ಅಲ್ಲಿ ದುಡಿಯುವವರು ಬೆರಳೆಣಿಕೆಯ ಮಂದಿಯಾದ್ದರಿಂದ ಹೆಸರು ಬರೆದರೆ ಅದು ಆ ಕೆಲವರ ಮೇಲಿನ ದೂರಾಗಿಬಿಡುತ್ತದೆ. ಅಲ್ಲದೆ ನಾನು ಹೇಳಬೇಕೆಂದಿರುವುದು ಯಾವ ಊರಿನ ಯಾವ ಕೇಂದ್ರಕ್ಕೆ ಹೋಗುವವರಿಗೂ ಉಪಯೋಗಕ್ಕೆ ಬರುವಂಥದ್ದು.

ಪರೀಕ್ಷೆ ಕೇಳುವುದಕ್ಕೆ ಬಹಳ ಸರಳ. ಸಮತಟ್ಟಾದ ಜಾಗದಲ್ಲಿ ಆರು ನಿಮಿಷ ನಡೆಯುವುದು, ಎಷ್ಟು ಮೀಟರ್ ನಡೆದಿರಿ ಎಂದು ಅಳೆಯುವುದು, ಅಷ್ಟೇ. ಆದರೆ ಇದೇ ಪರೀಕ್ಷೆಯನ್ನು ನನಗೆ ಎರಡು ಕಡೆ ಎರಡು ಬಗೆಯಲ್ಲಿ ಮಾಡಿದ್ದಾರೆ. ಸರಳವಾದದ್ದನ್ನು ಶ್ರದ್ಧೆಯಿಂದ ಮಾಡುವುದಕ್ಕೂ ಮುಗಿಸಿದರೆ ಸಾಕೆಂದು ಮಾಡುವುದಕ್ಕೂ ಇರುವ ಅಂತರ ಎಷ್ಟು ದೊಡ್ಡದೆಂಬುದು ನನಗೆ ತಿಳಿದದ್ದು ಆ ಎರಡನ್ನೂ ಹೋಲಿಸಿದಾಗ.

ಮೊದಲನೆಯದು ಶಸ್ತ್ರಚಿಕಿತ್ಸೆಯಾದ ಆಸ್ಪತ್ರೆಯಲ್ಲಿ, ಎಂಟನೆಯ ದಿನ, ಮನೆಗೆ ಕಳಿಸುವ ಬೆಳಗ್ಗೆ ನಡೆಯಿತು. ವಾರ್ಡಿನ ಮುಂದಿನ ಕಾರಿಡಾರಿನಲ್ಲಿ ಹನ್ನೆರಡು ಮೀಟರಿನಷ್ಟು ಜಾಗ ಖಾಲಿಯಿತ್ತು. ಆಚೆಗೆ ಟ್ರಾಲಿಗಳು ನಿಂತಿದ್ದವು, ರೋಗಿಗಳ ಕಡೆಯವರು ಚಾಪೆ ಹಾಸಿಕೊಂಡು ಕುಳಿತಿದ್ದರು. ಕಾಲಿನಲ್ಲಿ ಹವಾಯಿ ಚಪ್ಪಲಿ, ಮೈಮೇಲೆ ಆಸ್ಪತ್ರೆಯ ನಿಲುವಂಗಿ. ಜೊತೆಗೆ ಬಂದ ಹುಡುಗಿ ನನ್ನ ಪಕ್ಕದಲ್ಲೇ ನಡೆಯುತ್ತಾ ಮನೆಯಲ್ಲಿ ಯಾರ್‍ಯಾರಿದ್ದಾರೆ, ಮಕ್ಕಳೇನು ಮಾಡುತ್ತಾರೆ ಎಂದು ವಿಚಾರಿಸುತ್ತಿದ್ದಳು. ಮಾತಿಗೆ ಮಾತು ಕೊಡುತ್ತಾ, ಅವಳ ಹೆಜ್ಜೆಗೆ ಹೆಜ್ಜೆ ಹಾಕುತ್ತಾ ನಡೆದೆ. ಹಾಳೆಯ ಮೇಲೆ 214 ಮೀಟರ್ ಎಂದು ಬರೆದುಕೊಟ್ಟರು. ಅವಳದು ಪ್ರೀತಿಯ ನಡವಳಿಕೆ, ಅದರಲ್ಲಿ ಸಂದೇಹವಿಲ್ಲ. ಆದರೆ ಪಕ್ಕದಲ್ಲಿ ನಡೆಯುವವರು ತಮಗೆ ತಿಳಿಯದಂತೆಯೇ ರೋಗಿಯ ವೇಗವನ್ನು ನಿರ್ಧರಿಸಿಬಿಡುತ್ತಾರೆ, ಮಾತನಾಡಿಸಿದರೆ ಉಸಿರು ಖರ್ಚಾಗುತ್ತದೆ, ಚಿಕ್ಕ ಜಾಗದಲ್ಲಿ ಮತ್ತೆ ಮತ್ತೆ ತಿರುಗಬೇಕಾಗಿ ಪ್ರತಿ ತಿರುವಿನಲ್ಲೂ ವೇಗ ಕಳೆಯುತ್ತದೆ. ಆ 214 ಮೀಟರಿಗೆ ನಾನು ಹದಿನೇಳು ಸಲ ತಿರುಗಿದ್ದೆ. ಹಾಳೆಯಲ್ಲಿ ಕಾರಿಡಾರಿನ ಉದ್ದವನ್ನು ಬರೆದಿರಲಿಲ್ಲ.

ಪುನಶ್ಚೇತನ ಕೇಂದ್ರದ ಸಿದ್ಧತೆ ಪರೀಕ್ಷೆಗೆ ಒಂದು ವಾರ ಮೊದಲೇ ಫೋನಿನಲ್ಲಿ ಆರಂಭವಾಯಿತು. ಫಿಸಿಯೋಥೆರಪಿಸ್ಟ್ ಕರೆ ಮಾಡಿ, ‘ಅಮ್ಮ, ನೀವು ದಿನವೂ ಉಡುವುದು ಸೀರೆಯೇ?’ ಎಂದು ಕೇಳಿದರು. ಸೀರೆಯಲ್ಲಿ ಬರಬಹುದು, ಆದರೆ ಮೂರು ತಿಂಗಳ ನಂತರ ಮತ್ತೆ ಅಳೆಯುವಾಗಲೂ ಸೀರೆಯಲ್ಲೇ ಬರಬೇಕು. ಚೂಡಿದಾರ ಅಭ್ಯಾಸವಿದ್ದರೆ ಎರಡು ಸಲವೂ ಅದನ್ನೇ ಹಾಕಿಕೊಳ್ಳಿ ಎಂದರು. ನೆರಿಗೆ ಕಾಲಿಗೆ ತೊಡರುವುದೂ ದೂರವನ್ನು ಕಡಿಮೆ ಮಾಡುತ್ತದೆ ಎಂಬುದು ಈ ಪರೀಕ್ಷೆಯ ಯಾವ ವಿದೇಶಿ ಸೂಚನೆಯಲ್ಲೂ ಬರೆದಿರಲಾರದು. ರೋಗಿಗಳನ್ನು ಕಣ್ಣಿಟ್ಟು ನೋಡಿದವರಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು. ನಾನು ಜೀವಮಾನದಲ್ಲಿ ಬೂಟು ಹಾಕಿದವಳಲ್ಲ. ಕ್ಯಾನ್ವಾಸ್ ಬೂಟು ಕೊಳ್ಳುವುದಾದರೆ ಇವತ್ತೇ ಕೊಂಡು ಮನೆಯೊಳಗೆ ಒಂದು ವಾರ ಹಾಕಿಕೊಂಡು ಓಡಾಡಿ, ಪರೀಕ್ಷೆಯ ದಿನ ಹೊಸ ಬೂಟು ಬೇಡ ಎಂದು ಹೇಳಿದರು. ಬೆಳಗಿನ ಮಾತ್ರೆಗಳನ್ನು ಎಂದಿನಂತೆ ತೆಗೆದುಕೊಳ್ಳಬೇಕು, ತಿಂಡಿ ಹಗುರವಾಗಿರಬೇಕು, ಬರುವ ಮೊದಲು ಎರಡು ಗಂಟೆ ದೇಹಕ್ಕೆ ಶ್ರಮ ಕೊಡಬಾರದು, ಕೋಲು ಹಿಡಿದು ನಡೆಯುವ ಅಭ್ಯಾಸವಿದ್ದರೆ ಕೋಲನ್ನು ತರಬೇಕು. ಇವಿಷ್ಟೂ ಕನ್ನಡದಲ್ಲಿ ವಾಟ್ಸಾಪ್‌ಗೆ ಬಂದವು.

ಪರೀಕ್ಷೆಯ ದಿನ ಮೊದಲು ಹತ್ತು ನಿಮಿಷ ಕುರ್ಚಿಯಲ್ಲಿ ಸುಮ್ಮನೆ ಕೂರಿಸಿದರು. ನಂತರ ರಕ್ತದೊತ್ತಡ, ನಾಡಿ, ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರಿನಲ್ಲಿ ಆಮ್ಲಜನಕದ ಪ್ರಮಾಣ. ವಿಶ್ರಾಂತಿಯಲ್ಲಿ ನಾಡಿ ನಿಮಿಷಕ್ಕೆ 120ನ್ನು ದಾಟಿದ್ದರೆ, ರಕ್ತದೊತ್ತಡದ ಮೇಲಿನ ಅಂಕಿ 180ನ್ನೋ ಕೆಳಗಿನದು 100ನ್ನೋ ಮೀರಿದ್ದರೆ ಅಂದು ನಡೆಸುವುದಿಲ್ಲ. ನನಗಿಂತ ಮುಂದಿದ್ದ ಹಿರಿಯರೊಬ್ಬರನ್ನು ಇದೇ ಕಾರಣಕ್ಕೆ ವಾಪಸು ಕಳಿಸಿದರು. ಅವರು ದೂರದಿಂದ ಬಂದಿದ್ದರು, ಬೇಸರ ಮಾಡಿಕೊಂಡರು. ಆದರೂ ಕೇಂದ್ರದವರು ಮಣಿಯದೆ ವೈದ್ಯರ ಬಳಿಗೆ ಕರೆದೊಯ್ದದ್ದು ನನ್ನ ವಿಶ್ವಾಸವನ್ನು ಹೆಚ್ಚಿಸಿತು. ಹಿಂದಿನ ಒಂದು ತಿಂಗಳಲ್ಲಿ ಹೃದಯಾಘಾತವಾಗಿದೆಯೇ, ವಿಶ್ರಾಂತಿಯಲ್ಲೂ ಎದೆನೋವು ಬರುತ್ತಿದೆಯೇ ಎಂದು ಕೇಳಿ ಬರೆದುಕೊಂಡರು. ಕಾರಿಡಾರಿನ ಒಂದು ಬದಿಯಲ್ಲಿ ಕುರ್ಚಿ, ಆಮ್ಲಜನಕದ ಸಿಲಿಂಡರ್, ಎದೆನೋವು ಬಂದರೆ ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್ ಮಾತ್ರೆ, ಹೃದಯದ ಲಯ ತೀರಾ ಕೆಟ್ಟಾಗ ವಿದ್ಯುತ್ ಆಘಾತ ಕೊಡುವ ಡಿಫಿಬ್ರಿಲೇಟರ್ ಇದ್ದವು. ಅವು ಅಲ್ಲೇಕೆ ಇವೆ ಎಂದು ಕೇಳಿದ್ದಕ್ಕೆ, ಇಲ್ಲಿಯವರೆಗೆ ಬಳಸಬೇಕಾಗಿ ಬಂದಿಲ್ಲ, ಆದರೂ ಅವಿಲ್ಲದೆ ಯಾರನ್ನೂ ನಡೆಸುವುದಿಲ್ಲ ಎಂದರು.

ಕಾರಿಡಾರ್ ಸರಿಯಾಗಿ 30 ಮೀಟರ್. ಮೂರು ಮೀಟರಿಗೊಂದು ನೆಲದಲ್ಲಿ ಬಣ್ಣದ ಪಟ್ಟಿ, ಎರಡು ತುದಿಯಲ್ಲೂ ಕಿತ್ತಳೆ ಬಣ್ಣದ ಕೋನ್. ಹೋಗಿ ಬಂದರೆ ಒಂದು ಸುತ್ತು, ಅಂದರೆ 60 ಮೀಟರ್. ಕಾರಿಡಾರಿನ ಈ ಉದ್ದವೂ ಪಟ್ಟಿಗಳ ಅಂತರವೂ ಅಮೆರಿಕದ ಶ್ವಾಸಕೋಶ ತಜ್ಞರ ಸಂಘವು 2002ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಹೇಳುವ ಅಳತೆ. ಪರೀಕ್ಷೆಯ ಹುಟ್ಟು ಅದಕ್ಕೂ ಹಳೆಯದು. 1968ರಲ್ಲಿ ಅಮೆರಿಕದ ವಾಯುಪಡೆಯವರಿಗಾಗಿ ಕೂಪರ್ ಎಂಬ ವೈದ್ಯರು ಹನ್ನೆರಡು ನಿಮಿಷದ ಓಟದ ಪರೀಕ್ಷೆಯನ್ನು ಬಳಕೆಗೆ ತಂದರು. 1976ರಲ್ಲಿ ಬ್ರಿಟನ್ನಿನ ವೈದ್ಯರು ಅದನ್ನು ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯವರಿಗಾಗಿ ಹನ್ನೆರಡು ನಿಮಿಷದ ನಡಿಗೆಯಾಗಿ ಬದಲಿಸಿದರು. 1982ರಲ್ಲಿ ಅದು ಆರು ನಿಮಿಷಕ್ಕೆ ಇಳಿಯಿತು. 1985ರಲ್ಲಿ ಕೆನಡಾದ ವೈದ್ಯರು ಹೃದಯ ವೈಫಲ್ಯದ ರೋಗಿಗಳಲ್ಲಿ ಅದನ್ನು ಬಳಸಿ ತೋರಿಸಿದರು. ಎದೆಯೊಳಗಿನ ಕಾಯಿಲೆಯ ಪ್ರಮಾಣಕ್ಕಿಂತ ಹೆಚ್ಚಾಗಿ, ಆ ಕಾಯಿಲೆಯನ್ನಿಟ್ಟುಕೊಂಡು ಮನುಷ್ಯ ತನ್ನ ದಿನನಿತ್ಯದ ಓಡಾಟವನ್ನು ಎಷ್ಟು ಮಾಡಬಲ್ಲ ಎಂಬುದನ್ನು ಹೇಳುವ ಪರೀಕ್ಷೆ ಇದಾದ್ದರಿಂದಲೇ ಶ್ವಾಸಕೋಶದವರಿಂದ ಹೃದಯದವರಿಗೆ ಹೀಗೆ ದಾಟಿ ಬಂದಿರಬೇಕು ಎಂದು ನನಗನ್ನಿಸುತ್ತದೆ.

ನಡೆಯುವ ಮೊದಲು ಫಿಸಿಯೋಥೆರಪಿಸ್ಟ್ ಒಂದು ಹಾಳೆಯನ್ನು ನೋಡಿಕೊಂಡು ಓದಿದರು. ಆರು ನಿಮಿಷದಲ್ಲಿ ಎಷ್ಟು ಸಾಧ್ಯವೋ ಅಷ್ಟು ದೂರ ನಡೆಯಬೇಕು. ಓಡಬಾರದು. ಉಸಿರು ಸಾಲದಾದರೆ ನಿಧಾನ ಮಾಡಬಹುದು, ನಿಲ್ಲಬಹುದು, ಗೋಡೆಗೆ ಒರಗಬಹುದು, ಸುಧಾರಿಸಿಕೊಂಡ ಕೂಡಲೇ ಮತ್ತೆ ಹೊರಡಬೇಕು. ನೀವು ನಿಂತರೂ ಗಡಿಯಾರ ನಿಲ್ಲುವುದಿಲ್ಲ. ಇಷ್ಟು ಹೇಳಿ ಅವರು ತಾವೇ ಒಂದು ಸುತ್ತು ನಡೆದು, ಕೋನನ್ನು ಬಳಸಿ ತಡೆಯದೆ ಹೇಗೆ ತಿರುಗಬೇಕೆಂದು ತೋರಿಸಿದರು. ನಂತರ ನಾನು ಹೊರಟೆ, ಅವರು ಆರಂಭದ ಗೆರೆಯ ಬಳಿಯೇ ನಿಂತರು. ಒಂದು ನಿಮಿಷವಾದಾಗ, ‘ಚೆನ್ನಾಗಿ ನಡೆಯುತ್ತಿದ್ದೀರಿ, ಇನ್ನು ಐದು ನಿಮಿಷ ಇದೆ’ ಎಂದರು. ಎರಡನೆಯ ನಿಮಿಷಕ್ಕೆ, ‘ಹೀಗೆಯೇ ಮುಂದುವರಿಸಿ, ಇನ್ನು ನಾಲ್ಕು ನಿಮಿಷ’ ಎಂದರು. ನಿಮಿಷಕ್ಕೊಂದು ವಾಕ್ಯ, ಅದೂ ಒಂದೇ ದನಿಯಲ್ಲಿ, ನಡುವೆ ಮಾತಿಲ್ಲ. ನನ್ನ ಯಜಮಾನರು ದೂರದಿಂದ ‘ಬೇಗ, ಬೇಗ’ ಎಂದಾಗ ಕೈಸನ್ನೆ ಮಾಡಿ ಸುಮ್ಮನಿರಿಸಿದರು.

ಆಗ ಅದು ಸ್ವಲ್ಪ ಬಿರುಸಾಗಿ ಕಂಡಿತ್ತು. ಕಾರಣ ಆಮೇಲೆ ತಿಳಿಯಿತು. ರೋಗಿಯನ್ನು ಹುರಿದುಂಬಿಸಿದರೆ ದೂರ ಹೆಚ್ಚಾಗುತ್ತದೆ. ಎಂಬತ್ತರ ದಶಕದಲ್ಲೇ ಕೆನಡಾದಲ್ಲಿ ಇದನ್ನು ಪರೀಕ್ಷಿಸಿ ನೋಡಿದಾಗ, ಹುರಿದುಂಬಿಸಿದವರು ಸುಮಾರು 30 ಮೀಟರ್ ಹೆಚ್ಚು ನಡೆದಿದ್ದರು. ಇಂದು ಬಾಯ್ತುಂಬ ಮಾತನಾಡುವ ಒಬ್ಬರು, ಮೂರು ತಿಂಗಳ ನಂತರ ಮೌನವಾಗಿರುವ ಇನ್ನೊಬ್ಬರು ಪರೀಕ್ಷೆ ನಡೆಸಿದರೆ, ಮೂರು ತಿಂಗಳ ವ್ಯಾಯಾಮದಿಂದ ಬಂದ ಸುಧಾರಣೆಯನ್ನೇ ಆ ವ್ಯತ್ಯಾಸ ನುಂಗಿಹಾಕಬಹುದು. ಪರೀಕ್ಷಾ ಕೊಠಡಿಯಲ್ಲಿ ಪ್ರಶ್ನೆಪತ್ರಿಕೆಯ ಸೂಚನೆಗಳನ್ನು ಎಲ್ಲ ಮಕ್ಕಳಿಗೂ ಒಂದೇ ರೀತಿಯಲ್ಲಿ ಓದಿ ಹೇಳಿದ ಅಭ್ಯಾಸವಿರುವ ನನಗೆ ಈ ಶಿಸ್ತು ಬಹಳ ಹಿಡಿಸಿತು.

ಮೊದಲ ನಡಿಗೆಯಲ್ಲಿ ಐದು ಸುತ್ತಿನ ಮೇಲೆ ಆರು ಮೀಟರ್, ಅಂದರೆ 306 ಮೀಟರ್ ಬಂದಿತು. ಪರೀಕ್ಷೆ ಮುಗಿಯಿತೆಂದು ನಾನು ಚೀಲ ಎತ್ತಿಕೊಂಡಾಗ, ಒಂದು ಗಂಟೆ ವಿಶ್ರಾಂತಿ ತೆಗೆದುಕೊಂಡು ಇನ್ನೊಮ್ಮೆ ನಡೆಯಬೇಕು ಎಂದರು. ಎರಡನೆಯ ಸಲ 327 ಮೀಟರ್. ಒಂದು ಗಂಟೆಯಲ್ಲಿ ನನ್ನ ಹೃದಯವೇನೂ ಸುಧಾರಿಸಿರಲಿಲ್ಲ. ಮೊದಲ ಸಲ ಭಯದಿಂದ ಆರಂಭದಲ್ಲಿ ತೀರಾ ನಿಧಾನವಾಗಿ ನಡೆದಿದ್ದೆ, ತಿರುವಿನಲ್ಲಿ ತಡವರಿಸಿದ್ದೆ. ಎರಡನೆಯ ಸಲ ಆರು ನಿಮಿಷವೆಂದರೆ ಎಷ್ಟು ಎಂಬುದು ಕಾಲಿಗೆ ಗೊತ್ತಾಗಿತ್ತು. ಹೀಗೆ ಅಭ್ಯಾಸದಿಂದಲೇ ದೂರ ಹೆಚ್ಚುವುದು ತಿಳಿದಿರುವ ಸಂಗತಿಯಾದ್ದರಿಂದ, ಯುರೋಪ್ ಮತ್ತು ಅಮೆರಿಕದ ಶ್ವಾಸಕೋಶ ತಜ್ಞರ ಸಂಘಗಳು 2014ರಲ್ಲಿ ಜಂಟಿಯಾಗಿ ಪ್ರಕಟಿಸಿದ ಸೂಚನೆಯಲ್ಲಿ ಎರಡು ಸಲ ನಡೆಸಿ ಹೆಚ್ಚಿನದನ್ನು ಬರೆದುಕೊಳ್ಳಬೇಕೆಂದು ಹೇಳಿದೆ.

ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕುವುದು ಒಳ್ಳೆಯದು. ಹೃದಯದ ರಕ್ತನಾಳದ ಕಾಯಿಲೆಯಿಂದ ಪುನಶ್ಚೇತನಕ್ಕೆ ಬಂದವರಲ್ಲಿ ಸುಮಾರು 25 ಮೀಟರಿನಷ್ಟು ಹೆಚ್ಚಳವಾದರೆ ರೋಗಿಗೆ ತನ್ನ ದೇಹದಲ್ಲಿ ಗುರುತು ಹತ್ತುವ ಸುಧಾರಣೆಯಾಗಿದೆ ಎಂದು ಪರಿಗಣಿಸುತ್ತಾರೆ. ನನಗೆ ಒಂದೇ ಗಂಟೆಯಲ್ಲಿ, ಯಾವ ಚಿಕಿತ್ಸೆಯೂ ಇಲ್ಲದೆ ಬಂದದ್ದು 21 ಮೀಟರ್. ಒಂದೇ ಸಲ ನಡೆಸಿ 306 ಎಂದು ಬರೆದುಕೊಂಡಿದ್ದರೆ, ಹನ್ನೆರಡು ವಾರಗಳ ಶುಲ್ಕ ಕಟ್ಟಿಸಿಕೊಂಡ ಮೇಲೆ ತೋರಿಸಬಹುದಾದ ಸುಧಾರಣೆಯ ಬಹುಭಾಗ ಮೊದಲ ದಿನವೇ ಪುಕ್ಕಟೆಯಾಗಿ ಸಿಕ್ಕಿರುತ್ತಿತ್ತು. ಆಸ್ಪತ್ರೆಯ 214 ಮೀಟರಿಗೆ ಹೋಲಿಸಿದ್ದರಂತೂ ನಾನು 113 ಮೀಟರ್ ಸುಧಾರಿಸಿದ್ದೇನೆಂದು ಕೇಂದ್ರದವರು ಹೇಳಿಕೊಳ್ಳಬಹುದಿತ್ತು. ಫಿಸಿಯೋಥೆರಪಿಸ್ಟ್ ಆ ಹಾಳೆಯನ್ನು ನೋಡಿ, ಕಾರಿಡಾರಿನ ಉದ್ದ ಗೊತ್ತಿಲ್ಲದೆ ಇದನ್ನು ಹೋಲಿಸಲಾಗದು ಎಂದು ಪಕ್ಕಕ್ಕಿಟ್ಟರು. ತಮ್ಮ ಕೆಲಸವನ್ನು ದೊಡ್ಡದಾಗಿ ತೋರಿಸುವ ಅವಕಾಶವನ್ನು ಕೈಬಿಟ್ಟ ಈ ಪ್ರಾಮಾಣಿಕತೆಯೇ ಈ ಕೇಂದ್ರದಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು.

ಆಯಾಸವನ್ನು ಅಳೆಯುವ ಬಗೆಯ ಬಗ್ಗೆ ಕನ್ನಡದ ಮೇಷ್ಟರಾಗಿ ಎರಡು ಮಾತು ಹೇಳಲೇಬೇಕು. ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ ರೂಪಿಸಿದ 6ರಿಂದ 20ರವರೆಗಿನ ಪಟ್ಟಿಯೊಂದನ್ನು ನಡಿಗೆಯ ಮೊದಲೂ ಆಮೇಲೂ ತೋರಿಸುತ್ತಾರೆ. 6 ಎಂದರೆ ಆಯಾಸವೇ ಇಲ್ಲ, 20 ಎಂದರೆ ಇನ್ನು ಆಗುವುದಿಲ್ಲ. ಆರೋಗ್ಯವಂತ ತರುಣರಲ್ಲಿ ಈ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಹೆಚ್ಚುಕಡಿಮೆ ಆ ಹೊತ್ತಿನ ಹೃದಯ ಬಡಿತ ಸಿಗುತ್ತದೆ ಎಂಬ ಕಾರಣಕ್ಕೆ ಪಟ್ಟಿ ಆರರಿಂದ ಆರಂಭವಾಗುತ್ತದೆ. ನಡೆದು ಕುಳಿತ ಮೇಲೆ ನಾನು ತೋರಿಸಿದ್ದು 13. ಲೆಕ್ಕದ ಪ್ರಕಾರ ನಾಡಿ 130 ಇರಬೇಕಿತ್ತು, ಇದ್ದದ್ದು 96. ನಾನು ತೆಗೆದುಕೊಳ್ಳುವ ಮೆಟೋಪ್ರೊಲಾಲ್ ಮಾತ್ರೆ ಹೃದಯದ ಬಡಿತವನ್ನು ಹೆಚ್ಚು ಏರಗೊಡುವುದಿಲ್ಲ. ಆದ್ದರಿಂದ ಈ ಬಗೆಯ ಮಾತ್ರೆ ತೆಗೆದುಕೊಳ್ಳುವವರು ಕೈಗಡಿಯಾರದ ನಾಡಿಯೊಂದನ್ನೇ ನಂಬಿ ವ್ಯಾಯಾಮ ಮಾಡಬಾರದು, ತಮ್ಮ ಆಯಾಸದ ಅರಿವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇದನ್ನು ಅವರು ಎರಡು ಅಂಕಿಗಳನ್ನೂ ಪಕ್ಕಪಕ್ಕದಲ್ಲಿ ಬರೆದು ತೋರಿಸಿ ವಿವರಿಸಿದರು.

ಆದರೆ ಆ ಪಟ್ಟಿಯ ಕನ್ನಡ ನನಗೆ ಒಪ್ಪಿಗೆಯಾಗಲಿಲ್ಲ. ‘ಸ್ವಲ್ಪಮಟ್ಟಿಗೆ ಕಠಿಣ’, ‘ಅತ್ಯಂತ ಹಗುರ’ ಎಂದೆಲ್ಲ ಬರೆದಿದ್ದಾರೆ. ನಮ್ಮಲ್ಲಿ ಲೆಕ್ಕ ಕಠಿಣವಾಗಿರುತ್ತದೆ, ಪ್ರಶ್ನೆಪತ್ರಿಕೆ ಕಠಿಣವಾಗಿರುತ್ತದೆ. ನಡೆದು ಬಂದವರು ‘ನನಗೆ ಕಠಿಣವಾಯಿತು’ ಎನ್ನುವುದಿಲ್ಲ. ಸುಸ್ತಾಯಿತು, ಏದುಸಿರು ಬಂತು, ಉಬ್ಬಸವಾಯಿತು, ಕಾಲು ಸೋತಿತು, ತಲೆ ತಿರುಗಿತು, ಎದೆ ಹಿಡಿಯಿತು ಎನ್ನುತ್ತಾರೆ. ಇವು ಒಂದೇ ಅರ್ಥದ ಮಾತುಗಳಲ್ಲ, ವೈದ್ಯರಿಗೆ ಒಂದೊಂದರ ಅರ್ಥವೂ ಬೇರೆ. ಎದೆ ಹಿಡಿದರೆ ಪರೀಕ್ಷೆಯನ್ನು ಅಲ್ಲಿಯೇ ನಿಲ್ಲಿಸಬೇಕು. ಕಾಲು ಸೋತರೆ ಕುರ್ಚಿಯಲ್ಲಿ ಕೂರಿಸಿ ನೋಡಬಹುದು. ನನ್ನ ನಂತರ ನಡೆದ, ಹುಣಸೂರಿನ ಕಡೆಯಿಂದ ಬಂದಿದ್ದ ಹೆಂಗಸೊಬ್ಬರಿಗೆ ಅಂಕಿ ತೋರಿಸಿ ಎಂದರೆ ತೋಚಲಿಲ್ಲ. ಫಿಸಿಯೋಥೆರಪಿಸ್ಟ್ ಪಟ್ಟಿಯನ್ನು ಮಡಿಚಿಟ್ಟು, ‘ಒಂದು ಬಿಂದಿಗೆ ನೀರು ಹೊತ್ತು ತಂದಾಗ ಆಗುವಷ್ಟು ಸುಸ್ತೋ, ಎರಡು ಬಿಂದಿಗೆ ತಂದಷ್ಟೋ?’ ಎಂದು ಕೇಳಿದರು. ಕೂಡಲೇ ಉತ್ತರ ಬಂದಿತು. ಮುಂದೆ ಅವರು ಆ ಉತ್ತರವನ್ನು ಅಂಕಿಗೆ ಹೊಂದಿಸಿ ಬರೆದುಕೊಂಡರು. ಈ ಜಾಣ್ಮೆ ಒಬ್ಬ ವ್ಯಕ್ತಿಯದ್ದಾಗಿ ಉಳಿಯದೆ ಗೋಡೆಯ ಮೇಲಿನ ಪಟ್ಟಿಯೊಳಗೇ ಬರಬೇಕು. ಹೊಸ ಪಟ್ಟಿ ಮಾಡುವುದಾದರೆ ಭಾಷೆ ತಿದ್ದಿಕೊಡಲು ಸಿದ್ಧಳಿದ್ದೇನೆಂದು ತಿಳಿಸಿ ಬಂದಿದ್ದೇನೆ.

ಮಿತಿಯಿರುವ ಅಳತೆಯನ್ನು ಆ ಮಿತಿಯನ್ನು ಹೇಳಿಯೇ ಕೊಡಬೇಕು. ಅವರು ತುಂಬಿದ ನಮೂನೆಯಲ್ಲಿ ‘ಇನ್ನೂ ವೇಗವಾಗಿ ನಡೆಯದಂತೆ ನಿಮ್ಮನ್ನು ತಡೆದದ್ದು ಏನು?’ ಎಂಬ ಪ್ರಶ್ನೆಯಿತ್ತು. ನನ್ನ ಉತ್ತರದಲ್ಲಿ ಉಸಿರಿನ ಜೊತೆಗೆ ಎಡಗಾಲೂ ಇತ್ತು. ಬೈಪಾಸಿಗಾಗಿ ಆ ಕಾಲಿನಿಂದ ರಕ್ತನಾಳವನ್ನು ತೆಗೆದಿದ್ದರು. ಹೊಲಿಗೆಯ ಜಾಗ ಇನ್ನೂ ಬಿಗಿಯುತ್ತಿತ್ತು, ಸಂಜೆಗೆ ಪಾದ ಊದಿಕೊಳ್ಳುತ್ತಿತ್ತು. ಮಂಡಿನೋವಂತೂ ಹತ್ತು ವರ್ಷಗಳ ಒಡನಾಡಿ. ಇವನ್ನು ಬರೆದುಕೊಳ್ಳದೆ 327 ಎಂಬ ಅಂಕಿಯನ್ನಷ್ಟೇ ನೋಡುವವರು ಎಲ್ಲ ದೋಷವನ್ನೂ ಹೃದಯದ ಮೇಲೆ ಹಾಕುತ್ತಿದ್ದರು. ಕೇಂದ್ರದ ವೈದ್ಯರು ಇನ್ನೊಂದನ್ನೂ ಸ್ಪಷ್ಟವಾಗಿ ಹೇಳಿದರು: ಈ ಪರೀಕ್ಷೆ ರಕ್ತನಾಳದ ತಡೆಯನ್ನು ತೋರಿಸುವುದಿಲ್ಲ, ಹೃದಯದ ಲಯದ ಏರುಪೇರನ್ನು ತೋರಿಸುವುದಿಲ್ಲ. ಅದಕ್ಕೆ ಇಸಿಜಿ ಜೋಡಿಸಿಕೊಂಡು ಬೆಲ್ಟಿನ ಮೇಲೆ ನಡೆಯುವ ಟಿಎಂಟಿ ಬೇಕು. ಆದರೆ ಟಿಎಂಟಿಯಲ್ಲಿ ಸಾಮಾನ್ಯವಾಗಿ ಬಳಸುವ ಬ್ರೂಸ್ ಕ್ರಮ ಗಂಟೆಗೆ 2.7 ಕಿಲೋಮೀಟರ್ ವೇಗದಲ್ಲಿ, ಶೇಕಡ 10ರ ಏರಿನಲ್ಲಿ ಆರಂಭವಾಗಿ ಮೂರು ನಿಮಿಷಕ್ಕೊಮ್ಮೆ ವೇಗವನ್ನೂ ಏರನ್ನೂ ಹೆಚ್ಚಿಸುತ್ತಾ ಹೋಗುತ್ತದೆ. ಆರು ವಾರ ಗೇಟು ದಾಟದ ನನ್ನಂಥವರಿಗೆ ಮೊದಲ ಹೆಜ್ಜೆಯೇ ದಿಬ್ಬವಾಗುತ್ತದೆ. ಒಂದರ ಬದಲಿಗೆ ಇನ್ನೊಂದು ಎಂದು ಇವನ್ನು ತಿಳಿಯಬಾರದು.

ಎಲ್ಲರಿಗೂ ಆರು ನಿಮಿಷದ ನಡಿಗೆಯೇ ಸಾಕಾಗುವುದೂ ಇಲ್ಲ. ನಮ್ಮ ತಂಡದಲ್ಲಿ ಸ್ಟೆಂಟ್ ಹಾಕಿಸಿಕೊಂಡ, ಐವತ್ತು ದಾಟದ ಒಬ್ಬರಿದ್ದರು. ಅವರು ಏದುಸಿರಿಲ್ಲದೆ ಹತ್ತು ಸುತ್ತು, ಅಂದರೆ 600 ಮೀಟರ್ ನಡೆದು ಮುಗಿಸಿ ಮುಗುಳ್ನಕ್ಕರು. ಓಡಬಾರದೆಂಬ ನಿಯಮವಿರುವಾಗ ಅಂಥವರ ನಿಜವಾದ ಶಕ್ತಿ ಎಷ್ಟೆಂದು ಈ ಪರೀಕ್ಷೆ ಹೇಳಲಾರದು. ಅವರಿಗೆ ಶಟಲ್ ನಡಿಗೆ ಪರೀಕ್ಷೆ ಒಪ್ಪುತ್ತದೆ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ರೂಪುಗೊಂಡು 1992ರಲ್ಲಿ ಪ್ರಕಟವಾದ ಈ ಕ್ರಮದಲ್ಲಿ ಹತ್ತು ಮೀಟರಿನ ಜಾಗ ಸಾಕು. ಧ್ವನಿಮುದ್ರಿಕೆಯಿಂದ ಬೀಪ್ ಸದ್ದು ಬರುವಷ್ಟರಲ್ಲಿ ಆಚೆಯ ಕೋನನ್ನು ಮುಟ್ಟಬೇಕು, ನಿಮಿಷಕ್ಕೊಮ್ಮೆ ವೇಗ ಏರುತ್ತದೆ, ಹನ್ನೆರಡು ಹಂತಗಳಿವೆ, ಸದ್ದಿನೊಡನೆ ಹೆಜ್ಜೆ ಕೂಡದಾದಾಗ ಪರೀಕ್ಷೆ ಮುಗಿಯುತ್ತದೆ. ಬ್ರಿಟನ್ನಿನ ಹೃದಯ ಪುನಶ್ಚೇತನದಲ್ಲಿ ಇದು ಸಾಮಾನ್ಯ ಬಳಕೆಯಲ್ಲಿದೆ. ಎರಡು ಕೋನ್ ಮತ್ತು ಒಂದು ಸ್ಪೀಕರ್ ಇದ್ದರೆ ನಡೆಯುವ ಪರೀಕ್ಷೆಯನ್ನು ನಮ್ಮ ಕೇಂದ್ರ ಇಟ್ಟುಕೊಳ್ಳದಿರುವುದಕ್ಕೆ ಸರಿಯಾದ ಕಾರಣ ನನಗೆ ಕಾಣಲಿಲ್ಲ.

ಅಳೆದ ಅಂಕಿಯಿಂದ ಮುಂದೆ ಏನು ಮಾಡಿದರು ಎಂಬುದು ಮುಖ್ಯ. ಕಡತ ಸೇರಿದ ಅಂಕಿಯಿಂದ ರೋಗಿಗೆ ಏನೂ ದಕ್ಕುವುದಿಲ್ಲ. ಆರು ನಿಮಿಷಕ್ಕೆ 327 ಮೀಟರ್ ಎಂದರೆ ನಿಮಿಷಕ್ಕೆ ಐವತ್ತನಾಲ್ಕೂವರೆ ಮೀಟರ್, ಗಂಟೆಗೆ ಸುಮಾರು 3.3 ಕಿಲೋಮೀಟರ್. ಅದರ ಶೇಕಡ 80ರಷ್ಟು, ಅಂದರೆ ಗಂಟೆಗೆ 2.6 ಕಿಲೋಮೀಟರ್ ವೇಗದಲ್ಲಿ, ಹತ್ತು ನಿಮಿಷ ನಡಿಗೆ, ವಿಶ್ರಾಂತಿ, ಮತ್ತೆ ಹತ್ತು ನಿಮಿಷ ಎಂದು ಆರಂಭಿಸಿದರು. ಆಯಾಸ 11ರಿಂದ 13ರ ಒಳಗಿರಬೇಕು, ನಾಡಿ ವಿಶ್ರಾಂತಿಯ 72ರಿಂದ ಮೂವತ್ತಕ್ಕಿಂತ ಹೆಚ್ಚು ಏರಬಾರದು. ಮನೆಯಲ್ಲಿ ನಡೆಯುವ ದಿನಗಳಿಗೆ ಈ ವೇಗವನ್ನು ನನಗೆ ತಿಳಿಯುವ ಭಾಷೆಗೆ ತಿರುಗಿಸಿಕೊಟ್ಟರು: ಹತ್ತು ನಿಮಿಷಕ್ಕೆ ಸುಮಾರು 435 ಮೀಟರ್. ನನ್ನ ಯಜಮಾನರು ಟೇಪು ಹಿಡಿದು ಅಳೆದಾಗ ನಮ್ಮ ಗೇಟಿನಿಂದ ಹಾಲಿನ ಬೂತಿಗೆ ಹೋಗಿ ಬರುವ ದೂರ ಅಷ್ಟೇ ಇತ್ತು. ನಡೆಯುತ್ತಾ ಹದಿಮೂರರ ಮಗ್ಗಿಯ ಒಂದೊಂದು ಸಾಲನ್ನು ಉಸಿರು ಕಡಿಯದೆ ಹೇಳಲಾದರೆ ವೇಗ ಸರಿಯಿದೆ, ಸಾಲಿನ ನಡುವೆ ಉಸಿರೆಳೆದುಕೊಳ್ಳಬೇಕಾದರೆ ನಿಧಾನ ಮಾಡಿ ಎಂದರು. ಡಿಸ್ಚಾರ್ಜ್ ಹಾಳೆಯ ‘ನಿಧಾನವಾಗಿ ನಡೆಯಿರಿ’ ಎಂಬ ಸಾಲಿಗೆ ಆರು ವಾರಗಳ ನಂತರ ಅರ್ಥ ಸಿಕ್ಕಿದ್ದು ಹೀಗೆ. ಮರುದಿನ ಬೆಳಗ್ಗೆ ಒಬ್ಬಳೇ ಹಾಲು ತಂದೆ.

ಕೊರತೆಗಳನ್ನು ಮುಚ್ಚಿಡಲಾರೆ. ವರದಿಯನ್ನು ಇಂಗ್ಲಿಷಿನಲ್ಲಿ ಮಾತ್ರ ಕೊಡುತ್ತಾರೆ. ಬಾಯಲ್ಲಿ ಅಷ್ಟು ಚೆನ್ನಾಗಿ ಹೇಳಿದ್ದನ್ನು ಕಾಗದದ ಮೇಲೆ ಕನ್ನಡದಲ್ಲಿ ಕೊಡದಿದ್ದರೆ ಊರಿಗೆ ಹಿಂದಿರುಗಿದವರು ಯಾರಿಗೆ ತೋರಿಸಿ ಕೇಳಬೇಕು? ಅದೇ ವರದಿಯಲ್ಲಿ ನನ್ನ ದೂರ ‘ನಿರೀಕ್ಷಿತ’ 494 ಮೀಟರಿನ ಶೇಕಡ 66 ಎಂದಿತ್ತು. ಎತ್ತರ, ತೂಕ, ವಯಸ್ಸುಗಳಿಂದ ಹೀಗೆ ಲೆಕ್ಕ ಹಾಕುವ ಸೂತ್ರವನ್ನು 1998ರಲ್ಲಿ ಅಮೆರಿಕದಲ್ಲಿ, ಅಲ್ಲಿನ 40ರಿಂದ 80 ವರ್ಷದ ಆರೋಗ್ಯವಂತರನ್ನು ನಡೆಸಿ ತಯಾರಿಸಿದ್ದು. ಭಾರತೀಯರನ್ನು ನಡೆಸಿ ಮಾಡಿದ ಸೂತ್ರಗಳು ಈಗ ಲಭ್ಯವಿರುವಾಗ, ಅಲ್ಲಿಯವರ ಅಳತೆಯಲ್ಲಿ ನಮ್ಮವರನ್ನು ಕಡಿಮೆಯೆಂದು ತೋರಿಸುವುದು ಸರಿಯಲ್ಲ. ಶೇಕಡ 66 ಎಂಬುದನ್ನು ಓದಿ ನಾನು ಎರಡು ರಾತ್ರಿ ಕಳವಳಪಟ್ಟೆ. ವೈದ್ಯರನ್ನು ಕೇಳಿದಾಗ, ನಿಮ್ಮ ದೂರವನ್ನು ನಿಮ್ಮದೇ ಹಿಂದಿನ ದೂರದೊಡನೆ ಹೋಲಿಸಿಕೊಳ್ಳಿ ಎಂದರು. ಅದನ್ನು ಮೊದಲೇ ಹೇಳಬಹುದಿತ್ತು.

ಹನ್ನೊಂದು ಗಂಟೆಯ ನಂತರ ಕಾರಿಡಾರಿನ ಒಂದು ತುದಿಯಲ್ಲಿ ಹೊರರೋಗಿಗಳ ಸಾಲು ಬೆಳೆಯುತ್ತದೆ. ನನ್ನ ಎರಡನೆಯ ನಡಿಗೆಯಲ್ಲಿ ಮಗುವೊಂದು ಅಡ್ಡ ಬಂದು ನಾನು ನಿಲ್ಲಬೇಕಾಯಿತು. ಪರೀಕ್ಷೆಗಳನ್ನೆಲ್ಲ ಒಂಬತ್ತರಿಂದ ಹನ್ನೊಂದರೊಳಗೆ ಇಟ್ಟುಕೊಳ್ಳಬಹುದು. ಆದರೆ ಹಾಗೆ ಮಾಡಿದರೆ ಬಸ್ಸಿನಲ್ಲಿ ಬರುವ ಹಳ್ಳಿಯವರಿಗೆ ತೊಂದರೆ. ಹುಣಸೂರಿನ ಆ ಹೆಂಗಸು ನಿಂತುಕೊಂಡೇ ಬಸ್ಸಿನಲ್ಲಿ ಬಂದಿದ್ದರು. ಅವರನ್ನು ಮುಕ್ಕಾಲು ಗಂಟೆ ಕೂರಿಸಿ ಮಜ್ಜಿಗೆ ಕುಡಿಸಿ ಆಮೇಲೆ ನಡೆಸಿದರು. ನಮ್ಮ ತಂಡದ ಹನ್ನೊಂದು ಮಂದಿಯಲ್ಲಿ ಹೆಂಗಸರು ನಾವಿಬ್ಬರೇ. ಹೃದಯದ ಚಿಕಿತ್ಸೆಯ ನಂತರ ಪುನಶ್ಚೇತನಕ್ಕೆ ಬರುವ ಹೆಂಗಸರ ಸಂಖ್ಯೆ ಕಡಿಮೆ ಎಂಬುದು ಬೇರೆ ದೇಶಗಳಲ್ಲೂ ಕಂಡುಬಂದಿರುವ ಸಂಗತಿ. ಮನೆಗೆಲಸ ಮಾಡುತ್ತಾರಲ್ಲ, ಅದೇ ವ್ಯಾಯಾಮ ಎಂಬ ಮಾತನ್ನು ನಾನೂ ನಮ್ಮ ಬಂಧುಗಳ ಬಾಯಲ್ಲಿ ಕೇಳಿದೆ. ಮನೆಗೆಲಸದಲ್ಲಿ ಯಾರೂ ನಾಡಿ ನೋಡುವುದಿಲ್ಲ, ಸುಸ್ತಾದಾಗ ನಿಲ್ಲಿಸಿ ಎನ್ನುವುದಿಲ್ಲ. ಸೊಸೆಯಂದಿರು, ಮಗಂದಿರು ಇದನ್ನು ಓದುತ್ತಿದ್ದರೆ ತಮ್ಮ ಅಮ್ಮಂದಿರನ್ನು ಒಮ್ಮೆ ಕರೆದುಕೊಂಡು ಹೋಗಿ ನಡೆಸಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ಶುಲ್ಕ ಮೊದಲ ದಿನದ ಎರಡೂ ನಡಿಗೆ ಸೇರಿ 700 ರೂಪಾಯಿ. ನಮ್ಮ ವಿಮೆಯಲ್ಲಿ ಇದಾಗಲಿ ಮುಂದಿನ ವ್ಯಾಯಾಮದ ತರಗತಿಗಳಾಗಲಿ ಸೇರಲಿಲ್ಲ.

ವಾರಕ್ಕೆ ಮೂರು ದಿನದಂತೆ ಹನ್ನೆರಡು ವಾರ ಮುಗಿದ ಮೇಲೆ ಅದೇ ಕಾರಿಡಾರಿನಲ್ಲಿ, ಅದೇ ಚೂಡಿದಾರ ಮತ್ತು ಅದೇ ಬೂಟಿನಲ್ಲಿ, ಅದೇ ಹಾಳೆಯನ್ನು ಓದಿ ಹೇಳಿ ನಡೆಸಿದರು. ಆರು ಸುತ್ತಿನ ಮೇಲೆ 36 ಮೀಟರ್, ಒಟ್ಟು 396. ಮೊದಲ ದಿನದ ಹೆಚ್ಚಿನ ದೂರಕ್ಕಿಂತ 69 ಮೀಟರ್ ಹೆಚ್ಚು. ಆಯಾಸದ ಅಂಕಿ ಮಾತ್ರ ಮೊದಲಿನಂತೆಯೇ 13. ತಡೆದದ್ದು ಏನು ಎಂಬ ಪ್ರಶ್ನೆಗೆ ಈ ಸಲ ನಾನು ಕೊಟ್ಟ ಉತ್ತರ ಮಂಡಿ ಎಂದಷ್ಟೇ. ಫಿಸಿಯೋಥೆರಪಿಸ್ಟ್ ಅದನ್ನು ಬರೆದುಕೊಂಡು, ಇನ್ನು ಮಂಡಿಗೆ ಬೇಕಾದ ವ್ಯಾಯಾಮಗಳನ್ನು ಸೇರಿಸೋಣ ಎಂದು ಮುಂದಿನ ಪರೀಕ್ಷೆಯನ್ನು ಆರು ತಿಂಗಳ ನಂತರಕ್ಕೆ, ಬೆಳಗ್ಗೆ ಒಂಬತ್ತೂವರೆಗೆ ಗುರುತು ಹಾಕಿಕೊಟ್ಟಿದ್ದಾರೆ. ಆ ಹೊತ್ತಿಗೆ ಕಾರಿಡಾರ್ ಖಾಲಿ ಇರುತ್ತದೆ.